ಒಂದಕ್ಷರ ಕಳೆದುಕೊಂಡ ಆಲ್ಬಮ್: ಮ್ಯಾಗಿ ಬೆಲ್, ಸ್ಟೋನ್ ದ ಕ್ರೋಸ್, 1972

ಸ್ಟೋನ್ ದ ಕ್ರೋಸ್ ಎಂಬ ಬ್ರಿಟಿಷ್ ಬ್ಲೂಸ್-ರಾಕ್ ತಂಡ, ಮ್ಯಾಗಿ ಬೆಲ್ ಗಾಯಕಿಯಾಗಿ, 1972ರಲ್ಲಿ ತಂದ ಈ ಆಲ್ಬಮ್ಮನ್ನು ಹುಡುಕುವವರಿಗೆ ಮೊದಲ ತೊಡಕು ಅದರ ಹೆಸರೇ. ‘ಕಂಟಿನ್ಯುಯಸ್ ಪರ್ಫಾರ್ಮೆನ್ಸ್’ ಎಂದಿರಬೇಕಾದ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ‘C’ಯನ್ನು ಬೇಕೆಂದೇ ಹಾರಿಸಿ, ಅಲ್ಲೊಂದು ಅಪಾಸ್ಟ್ರಫಿ ಇಟ್ಟು, ‘ಆಂಟಿನ್ಯುಯಸ್ ಪರ್ಫಾರ್ಮೆನ್ಸ್’ ಎಂದು ಹೆಸರಿಟ್ಟಿದ್ದಾರೆ. ಹಾಗೇ ಟೈಪ್ ಮಾಡಿದರೆ ಗೂಗಲ್ ಅದನ್ನು ಕಾಗುಣಿತದ ತಪ್ಪೆಂದು ತಾನಾಗಿಯೇ ತಿದ್ದಿಬಿಡಬಹುದು. ಬ್ಯಾಂಡಿನ ಹೆಸರು ಹಾಕಿದರೆ ಕೌಂಟಿಂಗ್ ಕ್ರೋಸ್, ಬ್ಲ್ಯಾಕ್ ಕ್ರೋಸ್ ಎಂದು ಬೇರೆ ಕಾಗೆಗಳೆಲ್ಲ ಹಾರಿಬರುತ್ತವೆ. ಹಾಡಿದವರ ಹೆಸರಿನ ಮೊದಲರ್ಧವನ್ನು ಮಾತ್ರ ಬರೆದರೆ ನೂಡಲ್ಸ್ ಬರುತ್ತದೆ. ಗಾಯಕಿಯ ಪೂರ್ಣ ಹೆಸರು, ಬ್ಯಾಂಡಿನ ಪೂರ್ಣ ಹೆಸರು, 1972 ಮತ್ತು ಆಲ್ಬಮ್ ಹೊರತಂದ ಕಂಪನಿ ಪಾಲಿಡೋರ್, ಈ ನಾಲ್ಕನ್ನೂ ಸೇರಿಸಿ ಕೊಟ್ಟರೆ ಮಾತ್ರ ದಾರಿ ತೆರೆಯುತ್ತದೆ.

‘ಸ್ಟೋನ್ ದ ಕ್ರೋಸ್’ ಎಂದರೆ ಇಂಗ್ಲೆಂಡಿನವರ ಹಳೆಯ ಉದ್ಗಾರ. ನಾವು ‘ಅಯ್ಯೋ ಶಿವನೇ’ ಅನ್ನುವ ಹಾಗೆ. ಬ್ಯಾಂಡಿಗೆ ಮೊದಲು ಇದ್ದ ಹೆಸರು ‘ಪವರ್’. ಲೆಡ್ ಜೆಪ್ಪೆಲಿನ್ ತಂಡದ ಮ್ಯಾನೇಜರ್ ಪೀಟರ್ ಗ್ರಾಂಟ್ ಇವರನ್ನು ಕೇಳಿ ಈ ಉದ್ಗಾರ ತೆಗೆದರಂತೆ, ಅದೇ ಹೆಸರಾಗಿ ನಿಂತಿತು ಎಂಬ ಕಥೆ ಪ್ರಚಾರದಲ್ಲಿದೆ. ಕಥೆ ಹೇಗೇ ಇರಲಿ, ಗ್ರಾಂಟ್ ಇವರ ಮ್ಯಾನೇಜರ್ ಆದದ್ದು ನಿಜ.

ಯಾರು, ಎಲ್ಲಿಯವರು

ಮ್ಯಾಗಿ ಬೆಲ್ ಹುಟ್ಟಿದ್ದು 1945ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಮೇರಿಹಿಲ್‌ನಲ್ಲಿ, ಕೂಲಿಕಾರರು ಹೆಚ್ಚಾಗಿದ್ದ ಬಡಾವಣೆಯಲ್ಲಿ. ಹದಿಹರೆಯದಲ್ಲೇ ಡಾನ್ಸ್ ಹಾಲ್‌ಗಳಲ್ಲಿ ಹಾಡಲು ಹಿಡಿದರು. ಗ್ಲಾಸ್ಗೋದ ಗಾಯಕ ಅಲೆಕ್ಸ್ ಹಾರ್ವಿ ಮೂಲಕ ಅವರ ತಮ್ಮ, ಗಿಟಾರ್ ನುಡಿಸುವ ಲೆಸ್ಲಿ ಹಾರ್ವಿಯ ಪರಿಚಯವಾಯಿತು. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಲೆಸ್ ಎಂದೇ. ಜರ್ಮನಿಯಲ್ಲಿದ್ದ ಅಮೆರಿಕನ್ ಸೇನಾ ನೆಲೆಗಳಲ್ಲಿ ಇವರು ಹಾಡಿ ಪಳಗಿದರು. ಅಲ್ಲಿನ ಸೈನಿಕರಿಗೆ ಬ್ಲೂಸ್, ಸೋಲ್ ಸಂಗೀತ ಮನೆಯ ಹಾಡು. ನಕಲಿ ಎನಿಸಿದರೆ ಅವರು ಕೂತು ಕೇಳುವವರಲ್ಲ. ರಾತ್ರಿಗೆ ಹಲವು ಸುತ್ತು ಹಾಡಿಸುವ ಇಂಥ ಕಡೆ ಗಂಟಲು ಒಂದೋ ಕೆಡುತ್ತದೆ, ಇಲ್ಲವೇ ಹದಕ್ಕೆ ಬರುತ್ತದೆ. ಬೆಲ್ ಅವರದ್ದು ಹದಕ್ಕೆ ಬಂತು.

1970ರಲ್ಲಿ ಎರಡು ಆಲ್ಬಮ್, 1971ರಲ್ಲಿ ‘ಟೀನೇಜ್ ಲಿಕ್ಸ್’. ಮೊದಲ ಆಲ್ಬಮ್ಮಿನ ಇಡೀ ಎರಡನೇ ಮಗ್ಗುಲು ಒಂದೇ ಹಾಡು, ‘ಐ ಸಾ ಅಮೆರಿಕ’. ಆಗ ಬಾಸ್ ಗಿಟಾರಿನಲ್ಲಿದ್ದ ಜೇಮ್ಸ್ ಡ್ಯೂಅರ್ ಕೂಡ ಒಳ್ಳೆಯ ಗಾಯಕ. ಹಾಗಾಗಿ ಮೊದಲೆರಡು ಆಲ್ಬಮ್‌ಗಳಲ್ಲಿ ಹಾಡಿಕೆ ಇಬ್ಬರ ನಡುವೆ ಹಂಚಿಹೋಗಿದೆ. ಡ್ಯೂಅರ್ ಹೊರಟು ಗಿಟಾರಿಸ್ಟ್ ರಾಬಿನ್ ಟ್ರೋವರ್ ಜೊತೆ ಸೇರಿದ ಮೇಲೆ ಬಾಸ್‌ಗೆ ಸ್ಟೀವ್ ಥಾಂಪ್ಸನ್, ಕೀಬೋರ್ಡಿಗೆ ರಾನಿ ಲೇಹಿ ಬಂದರು. ಡ್ರಮ್ಸ್‌ನಲ್ಲಿ ಮೊದಲಿನಿಂದಲೂ ಕಾಲಿನ್ ಆಲನ್. ಈ ಬದಲಾವಣೆಯ ನಂತರ ಹಾಡಿಕೆಯ ಪೂರ್ತಿ ಭಾರ ಬೆಲ್ ಮೇಲೆ ಬಿತ್ತು. ತಂಡ ಗಟ್ಟಿಯಾದದ್ದೂ ಆಗಲೇ. ಮ್ಯಾಗಿ ಬೆಲ್ ಅಂದರೆ ಏನು ಎಂದು ತಿಳಿಯಲು ಮೊದಲ ಆಲ್ಬಮ್ಮಿನಿಂದ ಶುರುಮಾಡುವವರು ಅರ್ಧ ದಾರಿಯಲ್ಲೇ ಕೈಬಿಡುವುದು ಇದೇ ಕಾರಣಕ್ಕೆ. ನಾಲ್ಕನೆಯದರಿಂದ ಹಿಂದಕ್ಕೆ ಕೇಳಿಕೊಂಡು ಹೋಗುವುದು ಮೇಲು.

1972ರ ಮೇ 3, ಸ್ವಾನ್ಸೀ

ನಾಲ್ಕನೇ ಆಲ್ಬಮ್ಮಿನ ಕೆಲಸ ಬಹುಪಾಲು ಮುಗಿದಿತ್ತು. ವೇಲ್ಸ್‌ನ ಸ್ವಾನ್ಸೀ ಊರಿನ ಟಾಪ್ ರ‍್ಯಾಂಕ್ ಸಭಾಂಗಣದ ವೇದಿಕೆಯ ಮೇಲೆ ಲೆಸ್ ಹಾರ್ವಿ ಅರ್ಥಿಂಗ್ ಇಲ್ಲದ ಮೈಕೊಂದನ್ನು ಮುಟ್ಟಿದರು. ಶಾಕ್ ಹೊಡೆದು ತೀರಿಕೊಂಡರು. ವಯಸ್ಸು 27. ಬೆಲ್ ಮತ್ತು ಹಾರ್ವಿ ಸಂಗೀತದಲ್ಲಷ್ಟೇ ಅಲ್ಲ, ಬದುಕಿನಲ್ಲೂ ಜೊತೆಗಾರರು.

ಆಲ್ಬಮ್ಮಿನ ಚರ್ಚೆಯಲ್ಲಿ ಈ ಘಟನೆಯನ್ನು ‘ದುರಂತ’ ಎಂಬ ಒಂದೇ ಪದದಲ್ಲಿ ದಾಟಿಬಿಡುವುದು ವಾಡಿಕೆ. ಆದರೆ ಹೀಗೆ ಆಗುವುದು ಹೇಗೆ ಎಂಬುದನ್ನು ಬಿಡಿಸಿ ನೋಡಬೇಕು. ಇವತ್ತಿಗೂ ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಇದೇ ಜೋಡಣೆ, ಇದೇ ಅಪಾಯ.

ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಬರಿಯ ಲೋಹ. ಅವು ತಂತಿ ಕೂರುವ ಲೋಹದ ತುಂಡಾದ ಬ್ರಿಜ್‌ನ ಮೂಲಕ ಕೇಬಲ್ಲಿನ ಹೊರಜಾಲರಿಗೆ, ಅಲ್ಲಿಂದ ಆಂಪ್ಲಿಫೈಯರಿನ ಚಾಸಿಗೆ (ಲೋಹದ ಚೌಕಟ್ಟಿಗೆ), ಅಲ್ಲಿಂದ ಪ್ಲಗ್ಗಿನ ಮೂರನೇ ಪಿನ್ನಿನ ಮೂಲಕ ಅರ್ಥ್‌ಗೆ ಸೇರಿರುತ್ತವೆ. ಮೈಕಿನ ಲೋಹದ ಮೈ ಅದೇ ರೀತಿ ಸೌಂಡ್ ಸಿಸ್ಟಮ್‌ನ ಆಂಪ್ಲಿಫೈಯರಿನ ಚಾಸಿಗೆ ಸೇರಿರುತ್ತದೆ. ಎರಡೂ ಚಾಸಿಗಳ ಅರ್ಥಿಂಗ್ ಸರಿಯಾಗಿದ್ದರೆ ಗಿಟಾರ್ ತಂತಿಗೂ ಮೈಕಿಗೂ ನಡುವೆ ವೋಲ್ಟೇಜ್ ಇರುವುದಿಲ್ಲ. ಒಳಗೆ ಎಲ್ಲಾದರೂ ಫೇಸ್ ತಂತಿ ಚಾಸಿಗೆ ತಾಗಿದರೂ ಕರೆಂಟು ಅರ್ಥ್‌ಗೆ ಧುಮುಕಿ ಫ್ಯೂಸ್ ಹಾರಿಹೋಗುತ್ತದೆ. ಅಲ್ಲಿಗೆ ಕಥೆ ಮುಗಿಯಿತು.

ಅರ್ಥ್ ತಂತಿ ತುಂಡಾಗಿದ್ದರೆ ಫ್ಯೂಸ್ ಹಾರುವುದಿಲ್ಲ. ಸಾಧನ ಎಂದಿನಂತೆ ಕೆಲಸ ಮಾಡುತ್ತಿರುತ್ತದೆ, ಸದ್ದು ಚೆನ್ನಾಗಿಯೇ ಬರುತ್ತಿರುತ್ತದೆ, ಚಾಸಿ ಮಾತ್ರ ಫೇಸ್ ಆಗಿ ಕಾಯುತ್ತಿರುತ್ತದೆ. ಒಂದು ಕೈ ಗಿಟಾರಿನ ತಂತಿಯ ಮೇಲೆ ಇಟ್ಟುಕೊಂಡು ಇನ್ನೊಂದು ಕೈಯಿಂದ ಮೈಕನ್ನು ಸರಿಸಲು ಹೋದವರ ಮೈಯೇ ಆಗ ಅರ್ಥ್ ತಂತಿ. ಗಿಟಾರಿನ ಅರ್ಥಿಂಗ್ ಸರಿಯಿದ್ದಷ್ಟೂ ಅಪಾಯ ಹೆಚ್ಚು. ಕರೆಂಟಿಗೆ ಒಳ್ಳೆಯ ದಾರಿ ಸಿಕ್ಕಿದಂತಾಗುತ್ತದೆ, ಆ ದಾರಿ ಎರಡು ಕೈಗಳ ನಡುವೆ, ಎದೆಯ ಮೂಲಕ ಹೋಗುತ್ತದೆ. ಬೆವರಿದ ಕೈಯಲ್ಲಿ ದೇಹದ ಪ್ರತಿರೋಧ ಸುಮಾರು 1,000 ಓಮ್‌ಗೆ ಇಳಿಯುತ್ತದೆ. ಆಗಿನ ಬ್ರಿಟನ್ನಿನ 240 ವೋಲ್ಟ್‌ಗೆ ಲೆಕ್ಕ ಹಾಕಿದರೆ 240 ಮಿಲಿಆಂಪಿಯರ್. ಹೃದಯ ಲಯ ತಪ್ಪಿ ಅದುರಲು 50ರಿಂದ 100 ಮಿಲಿಆಂಪಿಯರ್ ಸಾಕು. ಪ್ಲಗ್ಗಿನ ಫ್ಯೂಸ್ ಇರುವುದು ಆಂಪಿಯರ್‌ಗಳ ಲೆಕ್ಕದಲ್ಲಿ. ಕಾಲು ಆಂಪಿಯರ್ ಹರಿದದ್ದು ಅದಕ್ಕೆ ಗೊತ್ತೂ ಆಗುವುದಿಲ್ಲ. ಯಾರ್ಡ್‌ಬರ್ಡ್ಸ್ ತಂಡದ ಕೀತ್ ರೆಲ್ಫ್ 1976ರಲ್ಲಿ ತಮ್ಮ ಮನೆಯಲ್ಲೇ ಗಿಟಾರ್ ನುಡಿಸುವಾಗ ಶಾಕ್‌ನಿಂದ ಸತ್ತರು.

ಅರ್ಥ್ ತುಂಡಾಗುವುದು ಯಾವಾಗಲೂ ಆಕಸ್ಮಿಕವಲ್ಲ. ಎರಡು ಕಡೆ ಅರ್ಥ್ ಆದಾಗ ಸ್ಪೀಕರಿನಲ್ಲಿ ‘ಗುಂಯ್’ ಎಂಬ 50 ಹರ್ಟ್ಸ್ ಗುನುಗು ಬರುತ್ತದೆ. ಅದನ್ನು ನಿಲ್ಲಿಸಲು ಮೂರನೇ ಪಿನ್ನನ್ನೇ ಕಳಚುವವರು, ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸುವವರು ಅಂದೂ ಇದ್ದರು, ಇಂದೂ ಇದ್ದಾರೆ. ಗುನುಗು ನಿಲ್ಲುತ್ತದೆ ಸರಿ, ಅದರ ಜೊತೆಗೆ ರಕ್ಷಣೆಯೂ ಹೋಗುತ್ತದೆ. ಗುನುಗಿಗೆ ಮದ್ದು ಸಿಗ್ನಲ್ ದಾರಿಯಲ್ಲಿದೆ: ವಾದ್ಯದ ಸಿಗ್ನಲನ್ನು ಮಿಕ್ಸರಿಗೆ ಕಳಿಸುವ ಡಿ.ಐ. ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಸ್ವಿಚ್ಚು, ಇಲ್ಲವೇ ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್. ಮೇನ್ಸ್ ಪ್ಲಗ್ಗಿನ ಅರ್ಥ್‌ಗೆ ಕೈಹಾಕುವಂತಿಲ್ಲ.

ವೇದಿಕೆಯಲ್ಲಿ ಇದನ್ನು ಪರೀಕ್ಷಿಸಲು ಎರಡು ನಿಮಿಷ ಸಾಕು. ಎಲ್ಲ ಆನ್ ಮಾಡಿ. ಮಲ್ಟಿಮೀಟರನ್ನು ಎ.ಸಿ. 750 ವೋಲ್ಟ್ ರೇಂಜಿಗೆ ತಿರುಗಿಸಿ. ಒಂದು ಪ್ರೋಬ್ ಗಿಟಾರ್ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ. ಗಿಟಾರನ್ನು ಸ್ಟ್ಯಾಂಡಿನಲ್ಲೇ ಬಿಟ್ಟಿರಬೇಕು, ಪ್ರೋಬಿನ ತುದಿಗೆ ಬೆರಳು ತಾಗಬಾರದು. ಒಂದೆರಡು ವೋಲ್ಟಿನೊಳಗೆ ತೋರಿಸಿದರೆ ಇವೆರಡರ ನಡುವೆ ಅಪಾಯವಿಲ್ಲ. 60ರಿಂದ 115ರ ಆಸುಪಾಸು ತೋರಿಸಿದರೆ ಯಾವುದೋ ಒಂದಕ್ಕೆ ಅರ್ಥ್ ಇಲ್ಲ, ಫಿಲ್ಟರ್ ಕೆಪಾಸಿಟರಿನ ಮೂಲಕ ಸೋರುತ್ತಿದೆ ಎಂದು ಅರ್ಥ. ತುಟಿಗೆ ಮೈಕ್ ತಾಗಿದಾಗ ಜುಮ್ ಅನ್ನುವುದು ಇದೇ. ಹಾಡುವವರು ಜುಮ್ ಅಂತು ಎಂದರೆ ನಕ್ಕು ಬಿಡಬೇಡಿ, ಅರ್ಥ್ ಹುಡುಕಿ. 230ರ ಹತ್ತಿರ ತೋರಿಸಿದರೆ ಮೇನ್ ಸ್ವಿಚ್ ಆರಿಸಿ, ಆಮೇಲೆ ಮಾತು. ಇಡೀ ವೇದಿಕೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಸ್ವಿಚ್ಚು) ಹಾಕಿದ್ದರೆ 240 ಮಿಲಿಆಂಪಿಯರ್ ಸೋರಿಕೆಗೆ ಅದು 40 ಮಿಲಿಸೆಕೆಂಡಿನಲ್ಲಿ ಟ್ರಿಪ್ ಆಗಬೇಕು. ಮಳೆಗಾಲದ ಪೆಂಡಾಲ್, ಜನರೇಟರ್, ಕೆಸರು ನೆಲ ಇರುವ ಕಡೆ ಇದಿಲ್ಲದೆ ಕಾರ್ಯಕ್ರಮ ಒಪ್ಪಿಕೊಳ್ಳುವುದೇ ತಪ್ಪು.

ಉಳಿದದ್ದನ್ನು ಮುಗಿಸಿದ ಬಗೆ

ಹಾರ್ವಿ ತೀರಿಕೊಂಡ ತಿಂಗಳಲ್ಲೇ ಲಿಂಕನ್ ಬಳಿಯ ದೊಡ್ಡ ಬಯಲು ಉತ್ಸವದಲ್ಲಿ ತಂಡ ನುಡಿಸಬೇಕಿತ್ತು. ಫ್ಲೀಟ್‌ವುಡ್ ಮ್ಯಾಕ್ ಬಿಟ್ಟಿದ್ದ ಗಿಟಾರಿಸ್ಟ್ ಪೀಟರ್ ಗ್ರೀನ್ ತಾಲೀಮಿಗೆ ಬಂದು, ಕೊನೆಗಳಿಗೆಯಲ್ಲಿ ಹಿಂದೆ ಸರಿದರು. ಯೆಸ್ ತಂಡದ ಸ್ಟೀವ್ ಹೌ ಆ ದಿನ ಗಿಟಾರ್ ಹಿಡಿದರು. ಆಮೇಲೆ ಬಂದವರು ಜಿಮ್ಮಿ ಮೆಕಲಕ್. ಸ್ಕಾಟ್ಲೆಂಡಿನವರೇ, ಇನ್ನೂ ಹತ್ತೊಂಬತ್ತರ ಹರೆಯ. 1974ರಲ್ಲಿ ಪಾಲ್ ಮೆಕಾರ್ಟ್ನಿಯ ವಿಂಗ್ಸ್ ಸೇರಿದವರು ಇವರೇ.

ಹೀಗಾಗಿ ಈ ಆಲ್ಬಮ್ಮಿನಲ್ಲಿ ಇಬ್ಬರು ಗಿಟಾರಿಸ್ಟರು ಇದ್ದಾರೆ, ಆದರೆ ಒಟ್ಟಿಗೆ ಅಲ್ಲ. ‘ಗುಡ್ ಟೈಮ್ ಗರ್ಲ್’ ಮತ್ತು ‘ಸನ್‌ಸೆಟ್ ಕೌಬಾಯ್’ ಹಾಡುಗಳಲ್ಲಿ ಮೆಕಲಕ್, ಉಳಿದವುಗಳಲ್ಲಿ ಹಾರ್ವಿ. ಕಿವಿಗೊಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಬೆಲ್ ಸಾಲು ಮುಗಿಸಿ ಉಸಿರೆಳೆದುಕೊಳ್ಳುವ ತನಕ ಹಾರ್ವಿಯ ಗಿಟಾರ್ ಬಾಯಿ ಬಿಡುವುದಿಲ್ಲ. ಸಾಲು ಮುಗಿದ ಮೇಲೆ ನಾಲ್ಕು ಸ್ವರ ಇಟ್ಟು ಸುಮ್ಮನಾಗುತ್ತದೆ. ವರ್ಷಗಟ್ಟಲೆ ಜೊತೆಗೆ ಹಾಡಿ ನುಡಿಸಿದವರಿಗೆ ಮಾತ್ರ ಬರುವ ಸಂಯಮ ಅದು. ಮೆಕಲಕ್ ಹೊಸಬ, ಚುರುಕು, ಸ್ವರ ಹೆಚ್ಚು.

ಹತ್ತಿರದಿಂದ ನೋಡಬೇಕಾದ ಹಾಡು ‘ಪೆನಿಸಿಲಿನ್ ಬ್ಲೂಸ್’. ಔಷಧಿಯ ನೆಪದಲ್ಲಿ ಪ್ರಣಯದ ಮಾತಾಡುವ ಹಳೆಯ ತುಂಟ ಜಾತಿಯ ಬ್ಲೂಸ್ ಇದು. ಬ್ಲೂಸ್‌ನಲ್ಲಿ ಮೊದಲ ಸಾಲನ್ನು ಎರಡು ಸಲ ಹೇಳಿ, ಮೂರನೆಯದರಲ್ಲಿ ಉತ್ತರ ಕೊಡುವುದು ಪದ್ಧತಿ. ಒಂದೇ ಸಾಲನ್ನು ಎರಡನೇ ಸಲ ಹೇಗೆ ಹಾಡುತ್ತಾರೆ ಎಂಬುದರಲ್ಲೇ ಗಾಯಕಿಯ ಕಸುಬು ಗೊತ್ತಾಗುತ್ತದೆ. ಬೆಲ್ ಸದ್ದು ಏರಿಸುವುದಿಲ್ಲ. ತಾಳದಿಂದ ಒಂದು ಕೂದಲೆಳೆ ಹಿಂದೆ ಸರಿಯುತ್ತಾರೆ, ಪದದ ಕೊನೆಯಲ್ಲಿ ಗೊಗ್ಗರು ಬೆರೆಸುತ್ತಾರೆ. ಇನ್ನೇನು ದನಿ ಒಡೆಯಿತು ಅನ್ನುವಷ್ಟರಲ್ಲಿ ಸ್ವರಕ್ಕೆ ಸರಿಯಾಗಿ ಬಂದು ಕೂರುತ್ತಾರೆ. ಅರಚಿದವರ ಗಂಟಲಿಗೆ ಹೀಗೆ ಹಿಂದಿರುಗಲು ಬರುವುದಿಲ್ಲ. ನಮ್ಮ ರಂಗಗೀತೆಗಳನ್ನು ಮೈಕಿಲ್ಲದ ಕಾಲದಲ್ಲಿ ಹಾಡಿದವರ ಗಟ್ಟಿ ಕಂಠ ಕೇಳಿದವರಿಗೆ ಈ ಬಗೆಯ ಬಲ ಹೊಸದಲ್ಲ. ಬೆಲ್ ಅದನ್ನು ಮೈಕಿನ ಮುಂದೆ ಹಿಡಿತದಲ್ಲಿ ಬಳಸುತ್ತಾರೆ, ಅಷ್ಟೇ ವ್ಯತ್ಯಾಸ.

ಮರೆತದ್ದು ಹೇಗೆ

ಇದು ಮಾರಾಟವಾಗದೆ ಮೂಲೆ ಸೇರಿದ ಆಲ್ಬಮ್ ಅಲ್ಲ. ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ 33ನೇ ಸ್ಥಾನ ತಲುಪಿತು. ಅದೇ ವರ್ಷ ‘ಮೆಲಡಿ ಮೇಕರ್’ ಎಂಬ ಸಂಗೀತ ಪತ್ರಿಕೆಯ ಓದುಗರು ಬೆಲ್ ಅವರನ್ನು ದೇಶದ ಅತ್ಯುತ್ತಮ ಗಾಯಕಿ ಎಂದು ಆರಿಸಿದರು. ಹೀಗಿದ್ದೂ ಹತ್ತು ವರ್ಷದಲ್ಲಿ ಹೆಸರು ಅಳಿಸಿಹೋಯಿತು.

ತಂಡ 1973ರಲ್ಲಿ ಒಡೆಯಿತು. ಆಲ್ಬಮ್ ಜೀವಂತವಾಗಿ ಉಳಿಯುವುದು ಊರೂರು ತಿರುಗಿ ಹಾಡುವುದರಿಂದ. ಅದನ್ನು ಹಾಡಬೇಕಾದ ತಂಡವೇ ಇರಲಿಲ್ಲ. ರೇಡಿಯೊದಲ್ಲಿ ಮನೆಮಾತಾದ ಹಾಡೂ ಇದರಲ್ಲಿರಲಿಲ್ಲ. ಅಮೆರಿಕದ ಬ್ಲೂಸ್-ರಾಕ್ ಗಾಯಕಿ ಜ್ಯಾನಿಸ್ ಜಾಪ್ಲಿನ್ 1970ರ ಅಕ್ಟೋಬರಿನಲ್ಲಿ ತೀರಿಕೊಂಡ ಮೇಲೆ ಪತ್ರಿಕೆಗಳಿಗೆ ಆ ಜಾಗಕ್ಕೊಬ್ಬರು ಬೇಕಾಗಿತ್ತು. ‘ಬ್ರಿಟನ್ನಿನ ಜಾಪ್ಲಿನ್’ ಎಂಬ ಚೀಟಿ ಬೆಲ್ ಹಣೆಗೆ ಅಂಟಿತು. ಈ ಹೋಲಿಕೆಯಷ್ಟು ಹಾನಿ ಮಾಡಿದ್ದು ಇನ್ನೊಂದಿಲ್ಲ. ಜಾಪ್ಲಿನ್ ಉರಿದು ಹಾಡಿದವರು, ಬೆಲ್ ಕೆಂಡವನ್ನು ಬೂದಿಯಡಿ ಇಟ್ಟು ಹಾಡಿದವರು. ಜಾಪ್ಲಿನ್ ಹುಡುಕಿಕೊಂಡು ಬಂದವರಿಗೆ ಬೆಲ್ ಸಿಗುವುದಿಲ್ಲ, ನಿರಾಸೆಯೊಂದೇ ಸಿಗುತ್ತದೆ.

ಅರೀತಾ ಫ್ರಾಂಕ್ಲಿನ್‌ರ ಪ್ರಸಿದ್ಧ ಅಟ್ಲಾಂಟಿಕ್ ಧ್ವನಿಮುದ್ರಿಕೆಗಳ ನಿರ್ಮಾಪಕ ಜೆರ್ರಿ ವೆಕ್ಸ್ಲರ್ 1974ರಲ್ಲಿ ಬೆಲ್ ಅವರ ಮೊದಲ ಒಂಟಿ ಆಲ್ಬಮ್ ‘ಕ್ವೀನ್ ಆಫ್ ದ ನೈಟ್’ ಮಾಡಿದರು. ಮರುವರ್ಷದ ‘ಸೂಯಿಸೈಡ್ ಸಾಲ್’ನಲ್ಲಿ ಲೆಡ್ ಜೆಪ್ಪೆಲಿನ್‌ನ ಜಿಮ್ಮಿ ಪೇಜ್ ಎರಡು ಹಾಡಿಗೆ ಗಿಟಾರ್ ನುಡಿಸಿದ್ದಾರೆ. ಎರಡೂ ನಯವಾದ ಕೆಲಸ. ಬೆಲ್ ಕಂಠಕ್ಕೆ ಅಷ್ಟು ನಯ ಬೇಕಿರಲಿಲ್ಲ. ಬ್ರಿಟನ್ನಿನ ಜನಸಾಮಾನ್ಯರು ಆ ದನಿಯನ್ನು ಕೇಳುತ್ತ ಬಂದದ್ದು ಹೆಸರು ಗೊತ್ತಿಲ್ಲದೆ. ‘ಟ್ಯಾಗರ್ಟ್’ ಎಂಬ ಪೊಲೀಸ್ ಧಾರಾವಾಹಿಯ ಶೀರ್ಷಿಕೆ ಗೀತೆ ಅವರದೇ. ರಾಡ್ ಸ್ಟೂವರ್ಟ್‌ರ 1971ರ ‘ಎವ್ರಿ ಪಿಕ್ಚರ್ ಟೆಲ್ಸ್ ಎ ಸ್ಟೋರಿ’ ಹಾಡಿನಲ್ಲಿ ಹಿಂದಿನಿಂದ ಉಜ್ಜುಗಾಗದದಂತೆ ಬರುವ ಹೆಣ್ಣುದನಿಯೂ ಅವರದೇ.

ಪ್ಲೇಟು ಕೈಗೆ ಬಂದ ಮೇಲೆ

ಜರ್ಮನಿಯ ರೆಪರ್ಟ್ವಾರ್ ಕಂಪನಿ ಈ ತಂಡದ ಆಲ್ಬಮ್‌ಗಳನ್ನು ಸಿ.ಡಿ.ಯಲ್ಲಿ ಮತ್ತೆ ಹೊರತಂದಿದೆ. ಸುಮ್ಮನೆ ಕೇಳಿದರೆ ಸಾಕು ಅನ್ನುವವರಿಗೆ ಅದೇ ಸುಲಭ. ಇನ್ನುಳಿದದ್ದು ಹಳೆಯ ವಿನೈಲ್ ಸಿಕ್ಕಿದವರಿಗೆ.

ಕೊಳ್ಳುವ ಮೊದಲು ಪ್ಲೇಟನ್ನು ಟಾರ್ಚಿನ ಓರೆ ಬೆಳಕಿನಲ್ಲಿ ತಿರುಗಿಸಿ. ಕೂದಲಿನಂಥ ಗೀಚು ಕಣ್ಣಿಗೆ ಕಂಡರೂ ಉಗುರಿಗೆ ಸಿಗದಿದ್ದರೆ ಅದು ಹೆಚ್ಚಾಗಿ ಸದ್ದು ಮಾಡುವುದಿಲ್ಲ. ಉಗುರಿಗೆ ಸಿಕ್ಕಿದ ಗೀಚು ‘ಟಿಕ್’ ಅನ್ನದೆ ಬಿಡುವುದಿಲ್ಲ. ಹೊಳಪು ಹೋಗಿ ಬೂದು ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಬಿಟ್ಟುಬಿಡಿ. ಭಾರವಾದ ಹಳೆಯ ಸೂಜಿಯಲ್ಲಿ ಸವೆದದ್ದು ಅದು, ಯಾವ ತೊಳೆತಕ್ಕೂ ಮರಳುವುದಿಲ್ಲ. ಕೊನೆಯ ಹಾಡಿನ ಆಚೆ, ಲೇಬಲ್ಲಿನ ಸುತ್ತ ಕೊರೆದಿರುವ ಮ್ಯಾಟ್ರಿಕ್ಸ್ ನಂಬರನ್ನು ಬರೆದುಕೊಳ್ಳಿ. ಕವರ್ ಬದಲಾಗಿರಬಹುದು, ಪ್ಲೇಟು ಯಾವ ಅಚ್ಚಿನದು ಎಂಬುದನ್ನು ಆ ನಂಬರು ಹೇಳುತ್ತದೆ.

ಕರಾವಳಿ, ಮಲೆನಾಡಿನ ಮನೆಗಳಲ್ಲಿದ್ದ ಪ್ಲೇಟುಗಳ ಮೇಲೆ ಬೂಷ್ಟು ಇದ್ದೇ ಇರುತ್ತದೆ. ಬಟ್ಟೆಯಿಂದ ಒಣದಾಗಿ ಒರೆಸಿದರೆ ಬೂಷ್ಟು ಹಾಡು ಕೊರೆದಿರುವ ಗೀರಿನೊಳಗೆ ಮೆತ್ತಿಕೊಳ್ಳುತ್ತದೆ. ಮೂರು ಪಾಲು ಡಿಸ್ಟಿಲ್ಡ್ ವಾಟರ್‌ಗೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್, ಅರ್ಧ ಲೀಟರಿಗೆ ಎರಡು ಮೂರು ಹನಿ ಬಣ್ಣ-ವಾಸನೆಯಿಲ್ಲದ ಪಾತ್ರೆ ತೊಳೆಯುವ ದ್ರವ. ಮೆತ್ತನೆಯ ಬ್ರಷ್ಷಿನಿಂದ ಗೀರಿನ ಗುಂಟ, ಸುತ್ತುಸುತ್ತಾಗಿ ತೊಳೆಯಬೇಕು, ಅಡ್ಡಡ್ಡ ಅಲ್ಲ. ಲೇಬಲ್ಲಿಗೆ ನೀರು ತಾಗಿಸಬೇಡಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ಜಾಲಾಡಿಸಿ, ನೆಟ್ಟಗೆ ನಿಲ್ಲಿಸಿ ಒಣಗಿಸಿ. ಜಾಲಾಡಿಸಲು ನಲ್ಲಿ ನೀರು ಬಳಸುವುದೇ ಹೆಚ್ಚಿನವರ ತಪ್ಪು. ಬೆಂಗಳೂರಿನ ಬೋರ್‌ವೆಲ್ ನೀರು ಆರಿದ ಮೇಲೆ ಬಕೆಟ್ಟಿನಲ್ಲಿ ಬಿಳಿ ಕಲೆ ಬಿಡುತ್ತದಲ್ಲ, ಅದೇ ಸುಣ್ಣ ಗೀರಿನೊಳಗೂ ಕೂರುತ್ತದೆ. ತೊಳೆದ ಮೇಲೆ ಚಟಪಟ ಜಾಸ್ತಿಯಾಯಿತು ಅನ್ನುವ ದೂರಿಗೆ ಇದೇ ಕಾರಣ. ಒಂದು ಎಚ್ಚರಿಕೆ: ಆಲ್ಕೊಹಾಲ್ ವಿನೈಲಿಗೆ ಮಾತ್ರ. ಅಜ್ಜನ ಕಾಲದ 78 ಆರ್‌ಪಿಎಂ ಅರಗಿನ ಪ್ಲೇಟಿಗೆ ತಾಗಿದರೆ ಅದು ಕರಗುತ್ತದೆ.

ಒಣಗಿದ ಪ್ಲೇಟನ್ನು ಹಳೆಯ ಒಳಕವರಿಗೆ ಮರಳಿ ಹಾಕಿದರೆ ಮಾಡಿದ್ದೆಲ್ಲ ವ್ಯರ್ಥ. ಹೊಸ ಒಳಕವರು ಬೇಕು.

ವೇಗ, ಗುನುಗು, ಗೊಗ್ಗರು

ವೇಗ ಮೊದಲು. 50 ಹರ್ಟ್ಸ್ ದೀಪದಡಿ 33⅓ ಆರ್‌ಪಿಎಂನ ಸ್ಟ್ರೋಬ್ ತಟ್ಟೆಯಲ್ಲಿ (ವೇಗ ಸರಿಯಿದ್ದರೆ ಇದರ ಗೆರೆಗಳು ನಿಂತಂತೆ ಕಾಣುತ್ತವೆ) 180 ಗೆರೆ ಇರಬೇಕು. 216 ಗೆರೆ ಇದ್ದರೆ ಅದು 60 ಹರ್ಟ್ಸ್‌ನ ಅಮೆರಿಕದ ತಟ್ಟೆ, ಇಲ್ಲಿ ದಾರಿ ತಪ್ಪಿಸುತ್ತದೆ. ಎಲ್‌ಇಡಿ ಬಲ್ಬಿನಡಿ ಗೆರೆ ನಿಲ್ಲದಿದ್ದರೆ ಟರ್ನ್‌ಟೇಬಲ್ಲನ್ನು ಬೈಯಬೇಡಿ. ಹಲವು ಎಲ್‌ಇಡಿಗಳು ಮೇನ್ಸ್ ಜೊತೆ ಮಿನುಗುವುದಿಲ್ಲ. ಸ್ವಿಚ್ ಬೋರ್ಡಿನಲ್ಲಿರುವಂಥ ಸಣ್ಣ ನಿಯಾನ್ ದೀಪ ಸಾಕು. ವೇಗ ಶೇ. 1 ತಪ್ಪಿದರೆ ಶ್ರುತಿ ಸುಮಾರು 17 ಸೆಂಟ್ (ಅರ್ಧ ಸ್ವರಾಂತರದ ನೂರರಲ್ಲಿ 17 ಪಾಲು) ಜಾರುತ್ತದೆ. ಶೇ. 3 ತಪ್ಪಿದರೆ ಅರ್ಧ ಸ್ವರಾಂತರದ ಅರ್ಧ. ವೇಗ ಹೆಚ್ಚಾದರೆ ಬೆಲ್ ಕಂಠ ತೆಳುವಾಗಿ, ಹುಡುಗಿಯ ದನಿಯಾಗಿ ಕೇಳುತ್ತದೆ. ಇಂಥ ಪ್ಲೇಯರಿನಲ್ಲಿ ಕೇಳಿ ‘ಅಂಥದ್ದೇನಿದೆ ಇದರಲ್ಲಿ’ ಎಂದವರೂ ಇದ್ದಾರು.

ಟರ್ನ್‌ಟೇಬಲ್ಲಿನಿಂದ ಬರುವ ಸಿಗ್ನಲ್ ಸುಮಾರು 4 ಮಿಲಿವೋಲ್ಟ್, ಮೇಲಾಗಿ ಮಂದ್ರ ತಗ್ಗಿಸಿ ತಾರ ಏರಿಸಿದ ಸ್ಥಿತಿಯಲ್ಲಿ. ಫೋನೊ ಪ್ರೀಆಂಪ್ ಅದನ್ನು 40 ಡೆಸಿಬೆಲ್ ಏರಿಸಿ, ಮಂದ್ರ-ತಾರಗಳನ್ನು ಮೊದಲಿನ ಸ್ಥಿತಿಗೆ ತರುತ್ತದೆ. ಪ್ರೀಆಂಪ್ ಇಲ್ಲದೆ ಕಂಪ್ಯೂಟರಿಗೆ ಸಿಕ್ಕಿಸಿದರೆ ತಗಡು ಬಡಿದಂತೆ ಕೀರಲು ಸದ್ದು. ಪ್ಲೇಯರಿನೊಳಗೂ ಪ್ರೀಆಂಪ್ ಇದ್ದು ಹೊರಗೂ ಇನ್ನೊಂದು ಹಾಕಿದರೆ ಒಡೆದ, ಗುಡುಗುವ ಸದ್ದು. ಪ್ಲೇಯರಿನ ಹಿಂದೆ ತೂಗಾಡುವ ತೆಳ್ಳನೆಯ ಒಂಟಿ ತಂತಿಯನ್ನು ಪ್ರೀಆಂಪಿನ ಗ್ರೌಂಡ್ ಸ್ಕ್ರೂಗೆ ಬಿಗಿಯದಿದ್ದರೆ ಮತ್ತದೇ 50 ಹರ್ಟ್ಸ್ ಗುಂಯ್. ಇದು ಸಿಗ್ನಲಿನ ಗ್ರೌಂಡ್, ಮೇನ್ಸ್ ಅರ್ಥ್ ಅಲ್ಲ. ಇಲ್ಲಿ ಬಿಗಿದು, ಬಿಚ್ಚಿ, ಎರಡೂ ರೀತಿ ಕೇಳಿ ನೋಡುವುದರಿಂದ ಅಪಾಯವಿಲ್ಲ.

ಕಂಪ್ಯೂಟರಿಗೆ ತುಂಬಿಸುವಾಗ 24 ಬಿಟ್, 96 ಕಿಲೊಹರ್ಟ್ಸ್. ಅತಿ ಜೋರಿನ ಜಾಗ ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟ ಇಡಿ. 20 ನಿಮಿಷದ ಒಂದು ಮಗ್ಗುಲಿಗೆ ಸುಮಾರು 690 ಎಂಬಿ ಬೇಕು. ಫ್ಲ್ಯಾಕ್ ಫೈಲಾಗಿ ಕುಗ್ಗಿಸಿದರೆ ಗುಣ ಕೆಡದೆ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ. ಭಾರತದ ಕಾಯಿದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1972ರ ಆಲ್ಬಮ್ಮಿಗೆ ಅದು 2032ರ ಕೊನೆಯ ತನಕ. ಆದ್ದರಿಂದ ಈ ಫೈಲು ಸ್ವಂತ ಕಿವಿಗೆ, ಯೂಟ್ಯೂಬಿಗಲ್ಲ.

ಆಮೇಲಿನ ಹೆಜ್ಜೆಯಲ್ಲೇ ಹೆಚ್ಚಿನ ಜನ ಈ ಆಲ್ಬಮ್ಮನ್ನು ಕೆಡಿಸುವುದು. ಸಾಫ್ಟ್‌ವೇರಿನಲ್ಲಿ ‘ನಾಯ್ಸ್ ರಿಡಕ್ಷನ್’ ಒತ್ತಿದರೆ ಸುಸ್ ಅನ್ನುವ ಹಿನ್ನೆಲೆ ಹೋಗುತ್ತದೆ, ಅದರ ಜೊತೆ ಬೆಲ್ ಗಂಟಲಿನ ಗೊಗ್ಗರೂ ಹೋಗುತ್ತದೆ. ಗೊಗ್ಗರಿನ ಬಹುಪಾಲು 3ರಿಂದ 8 ಕಿಲೊಹರ್ಟ್ಸ್ ನಡುವೆ, ಗೊತ್ತಾದ ಶ್ರುತಿಯಿಲ್ಲದೆ ಹರಡಿರುವ ಸದ್ದು. ಯಂತ್ರದ ಲೆಕ್ಕದಲ್ಲಿ ಅದೂ ಕಸವೇ. ಗುಡಿಸಿದ ಮೇಲೆ ಉಳಿಯುವುದು ನುಣ್ಣನೆಯ, ಯಾರದೋ ದನಿ. ತಾನಾಗಿ ‘ಕ್ಲಿಕ್’ ತೆಗೆಯುವ ಸಾಧನ ಡ್ರಮ್ಮಿನ ಚುರುಕು ಪೆಟ್ಟನ್ನೂ ಕಚ್ಚುತ್ತದೆ. ವೇವ್‌ಫಾರ್ಮನ್ನು ಹಿಗ್ಗಿಸಿಕೊಂಡು, ಕಣ್ಣಿಗೆ ಸೂಜಿಮೊನೆಯಂತೆ ಕಾಣುವ ಟಿಕ್‌ಗಳನ್ನಷ್ಟೇ ಒಂದೊಂದಾಗಿ ಕೈಯಾರೆ ತೆಗೆಯಬೇಕು. ಒಂದು ಮಗ್ಗುಲಿಗೆ ಒಂದು ಸಂಜೆ ಹಿಡಿಯುತ್ತದೆ. ಹಾಡಿನ ಮೊದಲು, ನಡುವೆ ಇರುವ ಸಣ್ಣ ಸುಸ್ ಇದ್ದರೆ ಇರಲಿ.

ಕೊನೆಯ ಹಾಡು

ಹಾರ್ವಿಯ ನೆನಪಿಗೆ ಮಾಡಿದ ‘ಸನ್‌ಸೆಟ್ ಕೌಬಾಯ್’ ಎರಡನೇ ಮಗ್ಗುಲಿನ ಕೊನೆಯಲ್ಲಿದೆ. ಭಾವಕ್ಕೆ ಸರಿಯಾದ ಜಾಗ, ಪ್ಲೇಟಿನ ಲೆಕ್ಕದಲ್ಲಿ ಅತಿ ಕೆಟ್ಟ ಜಾಗ. ಪ್ಲೇಟು ಒಂದೇ ವೇಗದಲ್ಲಿ ತಿರುಗುತ್ತದೆ, ಸುತ್ತಳತೆ ಮಾತ್ರ ಒಳಕ್ಕೆ ಹೋದಂತೆ ಕಿರಿದಾಗುತ್ತದೆ. ಹೊರ ಅಂಚಿನಲ್ಲಿ ಸೂಜಿಯಡಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೀರು ಹಾಯುತ್ತದೆ, ಕೊನೆಯ ಹಾಡಿನ ಹೊತ್ತಿಗೆ 21. ಅದೇ ದನಿಯನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತಿಟ್ಟಂತೆ. ಗುಂಡು ತುದಿಯ ಅಗ್ಗದ ಸೂಜಿ ಆ ಇಕ್ಕಟ್ಟಿನ ತಿರುವುಗಳಿಗೆ ಇಳಿಯುವುದಿಲ್ಲ. ‘ಸ’ಕಾರಗಳೆಲ್ಲ ‘ಶ್ಶ್’ ಎಂದು ಹರಿಯುತ್ತವೆ, ಏರುದನಿ ಒಡೆಯುತ್ತದೆ. ಮೊದಲ ಹಾಡುಗಳು ಚೆನ್ನಾಗಿ ಬಂದು ಕೊನೆಯದು ಒಡೆದರೆ ಹಾಡಿದವರ ತಪ್ಪಲ್ಲ.

ಎಲಿಪ್ಟಿಕಲ್, ಕೈಗೆಟುಕಿದರೆ ಮೈಕ್ರೊಲೈನ್ ತುದಿಯ ಸೂಜಿ ಹಾಕಿ. ಆಡಿಯೊ-ಟೆಕ್ನಿಕಾ ವಿಎಂ95ಇಯಂಥ ಸಾಮಾನ್ಯ ಕಾರ್ಟ್ರಿಜ್ಜಿಗೆ (ಸೂಜಿ ಕೂರುವ ಪುಟ್ಟ ಡಬ್ಬಿಗೆ) ಸೂಜಿಯ ಭಾರ 2.0 ಗ್ರಾಂ, 1.8ರಿಂದ 2.2ರ ಒಳಗೆ. ಭಾರ ಕಡಿಮೆಯಾದರೆ ಪ್ಲೇಟು ಉಳಿಯುತ್ತದೆ ಎಂಬ ನಂಬಿಕೆ ತಪ್ಪು. ಹಗುರ ಸೂಜಿ ಗೀರಿನ ಗೋಡೆಗೆ ಚಿಮ್ಮಿ ಬಡಿದು ಹೆಚ್ಚು ಕೆಡಿಸುತ್ತದೆ. ಕೋನ ಹೊಂದಿಸುವ ಗೆರೆಗಳಿರುವ ಪ್ರೊಟ್ರ್ಯಾಕ್ಟರ್ ಕಾಗದವನ್ನು ಪ್ಲೇಟಿನ ಜಾಗದಲ್ಲಿಟ್ಟು, ಒಳಗಿನ ಬಿಂದುವಿನಲ್ಲಿ ಕಾರ್ಟ್ರಿಜ್ಜಿನ ಬದಿ ಗೆರೆಗೆ ಸಮಾನಾಂತರ ಬರುವ ತನಕ ಎರಡು ಸ್ಕ್ರೂ ಸಡಿಲಿಸಿ ಸರಿಸಿ. ಕಾರ್ಟ್ರಿಜ್ ಸರಿದರೆ ಭಾರವೂ ಬದಲಾಗುತ್ತದೆ, ಮತ್ತೆ ತೂಗಬೇಕು. ಆ್ಯಂಟಿ-ಸ್ಕೇಟಿಂಗನ್ನು (ತೋಳು ಒಳಕ್ಕೆ ಜಾರದಂತೆ ತಡೆಯುವ ಹೊಂದಿಕೆ) ಭಾರದಷ್ಟೇ ಅಂಕಿಗೆ ಇಟ್ಟು, ಕೊನೆಯ ಹಾಡನ್ನೇ ಹಾಕಿ, ಒಂದು ಕಿವಿಯ ಕಡೆ ಮಾತ್ರ ‘ಸ’ಕಾರ ಹರಿಯುತ್ತಿದ್ದರೆ ಅರ್ಧರ್ಧ ಅಂಕಿ ಹೆಚ್ಚುಕಮ್ಮಿ ಮಾಡಿ.

ಹೊಂದಿಕೆ ಕೂಡಿದಾಗ ಹೆಡ್‌ಫೋನಿನಲ್ಲಿ ಗೊತ್ತಾಗುತ್ತದೆ. ಹಾಡು ಏರುವ ಕಡೆ ಬೆಲ್ ದನಿ ಒಡೆಯುತ್ತದೆ, ಆದರೆ ಎರಡೂ ಕಿವಿಯಲ್ಲಿ ಸಮನಾಗಿ, ಪದದ ಕೊನೆಯಲ್ಲಿ ಮಾತ್ರ. ಆ ಒಡಕು ಸೂಜಿಯದಲ್ಲ, ಅವರದೇ. ಅದನ್ನು ಸರಿಪಡಿಸಲು ಹೋಗಬೇಡಿ.